ಬೆಟ್ಟ ಒಂದು, ಹಕ್ಕುದಾರರು ಹಲವರು: ಇಂಗ್ಲೆಂಡಿನ ಸಾಮೂಹಿಕ ಹುಲ್ಲುಗಾವಲಿಗೆ ಪರಿಸರ ಸಹಾಯಧನ ತಲುಪುವ ಕಷ್ಟದ ದಾರಿ

ಇಂಗ್ಲೆಂಡಿನ ಉತ್ತರದ ಕಂಬ್ರಿಯಾ ಸೀಮೆಯ ಬೆಟ್ಟಗಳಲ್ಲಿ ಹರ್ಡ್‌ವಿಕ್ ಎಂಬ ತಳಿಯ ಕುರಿಗಳಿವೆ. ಹುಟ್ಟುವಾಗ ಇವುಗಳ ಮರಿಗಳು ಕಪ್ಪಗಿರುತ್ತವೆ, ವರ್ಷ ಕಳೆದಂತೆ ಬೂದುಬಣ್ಣಕ್ಕೆ ತಿರುಗುತ್ತವೆ. ಬೇಸಿಗೆಯಲ್ಲಿ ಅವು ಮೇಯುವ ಬೆಟ್ಟದ ನೆತ್ತಿಯಲ್ಲಿ ಬೇಲಿಯಿಲ್ಲ, ಗೋಡೆಯಿಲ್ಲ, ಕಾಯುವ ಆಳೂ ಇಲ್ಲ. ಆದರೂ ಒಬ್ಬ ರೈತನ ಕುರಿ ಇನ್ನೊಬ್ಬನ ಪಾಲಿನ ಇಳಿಜಾರಿಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಏಕೆಂದರೆ ತಾಯಿಕುರಿ ತಾನು ಮೇಯುತ್ತ ಬಂದ ಜಾಗವನ್ನೇ ಮರಿಗೆ ತೋರಿಸಿಕೊಡುತ್ತದೆ, ಆ ಮರಿ ದೊಡ್ಡದಾಗಿ ತನ್ನ ಮರಿಗೆ ತೋರಿಸಿಕೊಡುತ್ತದೆ. ಹೀಗೆ ತಲೆಮಾರುಗಳಿಂದ ಕುರಿಗಳ ನೆನಪಿನಲ್ಲೇ ಉಳಿದುಕೊಂಡು ಬಂದಿರುವ ಈ ಮೇವಿನ ಗಡಿಯನ್ನು ಅಲ್ಲಿನವರು ‘ಹೆಫ್ಟ್’ ಎನ್ನುತ್ತಾರೆ. ದಕ್ಷಿಣದ ಡಾರ್ಟ್‌ಮೂರ್ ಕಡೆ ಇದಕ್ಕೇ ‘ಲಿಯರ್’ ಎಂಬ ಮಾತಿದೆ.

ಈ ಗಡಿ ನಿಂತಿರುವುದು ಅಕ್ಕಪಕ್ಕದ ಮಂದೆಗಳು ಒಂದನ್ನೊಂದು ಒತ್ತರಿಸಿ ಹಿಡಿದಿರುವುದರಿಂದ. ನಡುವಿನ ಒಬ್ಬ ರೈತ ತನ್ನ ಕುರಿಗಳನ್ನೆಲ್ಲ ಕೆಳಗಿಳಿಸಿದನೆಂದರೆ ಆ ಜಾಗದ ಹುಲ್ಲು ಚಿಗುರಿ ಎತ್ತರಕ್ಕೆ ಬೆಳೆಯುತ್ತದೆ, ಪಕ್ಕದವರ ಕುರಿಗಳು ಆ ಹಸಿರಿನ ಕಡೆಗೆ ಜಾರುತ್ತವೆ, ಅವುಗಳ ಹಿಂದೆ ಅವುಗಳ ಪಕ್ಕದವು ಬರುತ್ತವೆ, ಕೊನೆಗೆ ಇಡೀ ಬೆಟ್ಟದ ವ್ಯವಸ್ಥೆಯೇ ಸಡಿಲವಾಗುತ್ತದೆ. 2001ರಲ್ಲಿ ಕಾಲುಬಾಯಿ ಜ್ವರ ಬ್ರಿಟನ್ನಿನಲ್ಲಿ ಹಬ್ಬಿ ಅರವತ್ತು ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಲ್ಲಬೇಕಾಗಿ ಬಂದಾಗ, ಕಂಬ್ರಿಯಾದ ರೈತರು ಕಳೆದುಕೊಂಡದ್ದು ಕುರಿಗಳನ್ನು ಮಾತ್ರವಲ್ಲ, ಕುರಿಗಳೊಳಗಿದ್ದ ಈ ತಿಳಿವಳಿಕೆಯನ್ನು ಕೂಡ. ಕುರಿಯನ್ನು ಸಂತೆಯಲ್ಲಿ ಕೊಳ್ಳಬಹುದು, ಬೆಟ್ಟ ಬಲ್ಲ ಕುರಿಯನ್ನು ಕೊಳ್ಳಲಾಗದು. ಹೊಸ ಮಂದೆಗೆ ಗಡಿ ಕಲಿಸಲು ಅವರು ವರ್ಷಗಟ್ಟಲೆ ಬೆಟ್ಟದಲ್ಲಿ ಕುರಿ ಕಾಯಬೇಕಾಯಿತು, ಅಲ್ಲಲ್ಲಿ ತಾತ್ಕಾಲಿಕ ಬೇಲಿ ಹಾಕಬೇಕಾಯಿತು.

ಈ ಕುರಿಗಳ ಕಥೆಯಿಂದ ಆರಂಭಿಸಿದ್ದಕ್ಕೆ ಕಾರಣವಿದೆ. ಬೆಟ್ಟವನ್ನು ಕಾಪಾಡಿದ್ದಕ್ಕಾಗಿ ರೈತರಿಗೆ ಸರ್ಕಾರ ಕೊಡುವ ಹಣ ಸಾಮೂಹಿಕ ಹುಲ್ಲುಗಾವಲನ್ನು ನಂಬಿದವರ ಕೈಗೆ ಏಕೆ ಇಷ್ಟು ಕಷ್ಟದಿಂದ ತಲುಪುತ್ತದೆ ಎಂಬುದಕ್ಕೆ ಅರ್ಧ ಉತ್ತರ ಇದರಲ್ಲೇ ಇದೆ. ಬೆಟ್ಟದ ಮೇಲೆ ಯಾರೊಬ್ಬರೂ ಒಂಟಿಯಾಗಿ ಏನನ್ನೂ ಮಾಡಲಾರರು. ಆದರೆ ಸಹಾಯಧನದ ಅರ್ಜಿ ನಮೂನೆಗಳನ್ನು ರೂಪಿಸಿದ್ದು ಒಂದು ಜಮೀನು, ಒಬ್ಬ ರೈತ, ಒಂದು ಸಹಿ ಎಂಬ ಲೆಕ್ಕದಲ್ಲಿ.

ಮೊದಲು ‘ಕಾಮನ್’ ಎಂದರೇನು ಎಂಬುದನ್ನು ಸರಿಯಾಗಿ ತಿಳಿಯಬೇಕು, ಏಕೆಂದರೆ ನಮ್ಮ ಗೋಮಾಳದ ಕಲ್ಪನೆಯನ್ನು ಇಟ್ಟುಕೊಂಡು ನೋಡಿದರೆ ದಾರಿ ತಪ್ಪುತ್ತದೆ. ಗೋಮಾಳ ಸರ್ಕಾರಿ ಜಮೀನು, ಊರಿನ ದನಗಳಿಗೆಂದು ಬಿಟ್ಟದ್ದು. ಇಂಗ್ಲೆಂಡಿನ ಕಾಮನ್‌ಗೆ ಸಾಮಾನ್ಯವಾಗಿ ಒಬ್ಬ ಮಾಲೀಕನಿರುತ್ತಾನೆ. ಅದು ಒಂದು ಹಳೆಯ ಜಮೀನ್ದಾರಿ ಮನೆತನವಿರಬಹುದು, ನೀರು ಸರಬರಾಜು ಕಂಪನಿಯಿರಬಹುದು, ನ್ಯಾಷನಲ್ ಟ್ರಸ್ಟ್‌ನಂಥ ಸಂಸ್ಥೆಯಿರಬಹುದು. ಡಾರ್ಟ್‌ಮೂರ್‌ನ ನಡುಭಾಗದ ಒಡೆತನ ಬ್ರಿಟನ್ನಿನ ಯುವರಾಜರ ಆಸ್ತಿಯಾದ ಡಚಿ ಆಫ್ ಕಾರ್ನ್‌ವಾಲ್‌ನದು. ಮಣ್ಣು ಮಾಲೀಕನದಾದರೂ ಅದರ ಮೇಲೆ ಬೆಳೆಯುವ ಹುಲ್ಲನ್ನು ಮೇಯಿಸುವ ಹಕ್ಕು ಸುತ್ತಲಿನ ನಿರ್ದಿಷ್ಟ ಜಮೀನುಗಳಿಗೆ ಅಂಟಿಕೊಂಡಿರುತ್ತದೆ. ಹುಲ್ಲಿನದಷ್ಟೇ ಅಲ್ಲ, ಉರುವಲಿಗೆ ಪೀಟ್ ಎಂಬ ಜೌಗುಮಣ್ಣನ್ನು ಕಡಿದೊಯ್ಯುವ ಹಕ್ಕು, ಕೊಟ್ಟಿಗೆಯಲ್ಲಿ ಹಾಸಲು ಜರಿಗಿಡ ಕೊಯ್ಯುವ ಹಕ್ಕು, ಹಂದಿಗಳನ್ನು ಓಕ್ ಮರದಡಿ ಬಿಡುವ ಹಕ್ಕು, ಮೀನು ಹಿಡಿಯುವ ಹಕ್ಕು ಎಲ್ಲವೂ ಇದರಲ್ಲಿವೆ. ನಮ್ಮಲ್ಲಿ ಇದಕ್ಕೆ ಹತ್ತಿರವಾದುದನ್ನು ಹುಡುಕುವುದಾದರೆ ಗೋಮಾಳಕ್ಕಿಂತ ಮಲೆನಾಡಿನ ಸೊಪ್ಪಿನಬೆಟ್ಟ ಹೆಚ್ಚು ಹೊಂದುತ್ತದೆ. ಬೆಟ್ಟದ ಸೊಪ್ಪು, ದರಕು ತರುವ ಸೌಲಭ್ಯ ಅಡಿಕೆ ತೋಟದ ಜೊತೆಗೆ ಬರುವಂತೆ, ಅಲ್ಲಿ ಬೆಟ್ಟದ ಹುಲ್ಲು ಕೆಳಗಿನ ಜಮೀನಿನ ಜೊತೆಗೆ ಬರುತ್ತದೆ.

ಇಂಥ ಜಮೀನು ಇಂಗ್ಲೆಂಡಿನಲ್ಲಿ ಸುಮಾರು 4 ಲಕ್ಷ ಹೆಕ್ಟೇರ್ ಇದೆ, ಎಂದರೆ ಹತ್ತಿರಹತ್ತಿರ 10 ಲಕ್ಷ ಎಕರೆ. ದೇಶದ ಒಟ್ಟು ನೆಲದಲ್ಲಿ ಇದು ಶೇ 3ರಷ್ಟು ಮಾತ್ರ. ಆದರೆ ಇದರ ಬಹುಭಾಗ ಎತ್ತರದ ಬೆಟ್ಟಗಳಲ್ಲಿದೆ, ಕಾಲು ಭಾಗಕ್ಕಿಂತ ಹೆಚ್ಚು ಕಂಬ್ರಿಯಾ ಒಂದರಲ್ಲೇ ಇದೆ. ಇಂಗಾಲವನ್ನು ಹಿಡಿದಿಟ್ಟುಕೊಂಡಿರುವ ಜೌಗು ನೆಲ, ನದಿಗಳ ಮೂಲ, ಅಪರೂಪದ ಹಕ್ಕಿಗಳು ಗೂಡು ಕಟ್ಟುವ ಪೊದೆ, ಸಾವಿರಾರು ವರ್ಷಗಳ ಹಿಂದಿನ ಕಲ್ಲುಕಟ್ಟಡಗಳ ಅವಶೇಷ ಇವೆಲ್ಲ ಹೇರಳವಾಗಿ ಉಳಿದಿರುವುದು ಉಳುಮೆ ಕಾಣದ ಈ ನೆಲದಲ್ಲೇ. ಹಾಗಾಗಿ ಪರಿಸರ ಯೋಜನೆಗಳು ಮೊದಲು ತಲುಪಬೇಕಾದ ಜಾಗಗಳಲ್ಲಿ ಇದೂ ಒಂದು.

ಯಾರು ಎಷ್ಟು ಜಾನುವಾರು ಬಿಡಬಹುದು ಎಂಬುದಕ್ಕೆ ಹಿಂದೆ ಒಂದು ಸರಳವಾದ, ನನ್ನ ದೃಷ್ಟಿಯಲ್ಲಿ ಬಹಳ ಬುದ್ಧಿವಂತಿಕೆಯ ಕಟ್ಟಳೆಯಿತ್ತು. ಚಳಿಗಾಲದಲ್ಲಿ ತನ್ನ ಸ್ವಂತ ಹೊಲದ ಮೇವಿನಿಂದ ಎಷ್ಟು ತಲೆಗಳನ್ನು ಸಾಕಬಲ್ಲನೋ ಅಷ್ಟನ್ನೇ ಬೇಸಿಗೆಯಲ್ಲಿ ಬೆಟ್ಟಕ್ಕೆ ಬಿಡಬಹುದು ಎಂಬುದೇ ಆ ಕಟ್ಟಳೆ. ಕೆಳಗಿನ ಹೊಲದ ಶಕ್ತಿಯೇ ಮೇಲಿನ ಬೆಟ್ಟಕ್ಕೆ ಮಿತಿಯಾಗಿತ್ತು. 1965ರ ಕಾಮನ್ಸ್ ನೋಂದಣಿ ಕಾಯ್ದೆ ಇದನ್ನು ಬದಲಿಸಿತು. ಪ್ರತಿಯೊಬ್ಬ ಹಕ್ಕುದಾರನೂ ತನ್ನ ಹಕ್ಕನ್ನು ಇಷ್ಟು ಕುರಿ, ಇಷ್ಟು ದನ ಎಂದು ಸಂಖ್ಯೆಯಲ್ಲಿ ಬರೆಸಬೇಕಾಯಿತು. ಗಡುವಿನೊಳಗೆ ಬರೆಸದವರ ಹಕ್ಕು ಹೋಯಿತು. ಬರೆಸಿದವರ ಸಂಖ್ಯೆಯನ್ನು ಬೆಟ್ಟ ತಾಳಿಕೊಳ್ಳುತ್ತದೆಯೇ ಎಂದು ಅಳೆದು ನೋಡುವ ಏರ್ಪಾಡು ಇರಲಿಲ್ಲ, ಯಾರೂ ಆಕ್ಷೇಪಿಸದಿದ್ದರೆ ಬರೆಸಿದ್ದೇ ಖಾಯಂ ಆಯಿತು. ಪರಿಣಾಮವಾಗಿ ಎಷ್ಟೋ ಬೆಟ್ಟಗಳಲ್ಲಿ ದಾಖಲೆಯಲ್ಲಿರುವ ಕುರಿಗಳ ಸಂಖ್ಯೆ ಆ ಬೆಟ್ಟ ಹೊರಬಲ್ಲದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿದೆ.

ಹಕ್ಕು ಸಂಖ್ಯೆಯಾದ ಮೇಲೆ ಅದನ್ನು ಜಮೀನಿನಿಂದ ಬಿಡಿಸಿ ಮಾರುವುದೂ ಸಾಧ್ಯವಾಯಿತು. ಬಾಡ್ಮಿನ್ ಮೂರ್‌ನ ಒಂದು ಪ್ರಕರಣದಲ್ಲಿ, 2001ರಲ್ಲಿ, ಬ್ರಿಟನ್ನಿನ ಅಂದಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹಾಗೆ ಮಾರಿದ್ದು ಕಾನೂನುಬದ್ಧವೆಂದೇ ತೀರ್ಪು ಕೊಟ್ಟಿತು. 2006ರ ಕಾಮನ್ಸ್ ಕಾಯ್ದೆ ಇಂಥ ಮಾರಾಟವನ್ನು ತಡೆಯಿತಾದರೂ ಅಷ್ಟರಲ್ಲಿ ಬಿಡಿಬಿಡಿಯಾಗಿ ಹೋದ ಹಕ್ಕುಗಳು ಹೋದಂತೆಯೇ ಉಳಿದವು. ಆದ್ದರಿಂದ ಇಂದು ಒಂದು ಬೆಟ್ಟದ ದಾಖಲೆ ತೆರೆದರೆ ಅದರಲ್ಲಿ ಕುರಿ ಸಾಕುವ ರೈತರ ಜೊತೆಗೆ, ಹಳ್ಳಿಮನೆ ಕೊಂಡು ಅದರೊಡನೆ ಇಪ್ಪತ್ತು ಕುರಿಗಳ ಹಕ್ಕನ್ನೂ ಪಡೆದ ಪೇಟೆಯವರು, ಊರು ಬಿಟ್ಟುಹೋದವರು, ತೀರಿಕೊಂಡವರ ಹೆಸರುಗಳು ಎಲ್ಲವೂ ಇರುತ್ತವೆ. ಕಾನೂನಿನ ಕಣ್ಣಿಗೆ ಇವರೆಲ್ಲರೂ ಹಕ್ಕುದಾರರೇ.

ಈಗ ಹಣದ ವಿಷಯಕ್ಕೆ ಬರೋಣ. ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿಗೆ ಆಹಾರ ಬೇಕಿತ್ತು, ಸರ್ಕಾರ ಬೆಟ್ಟದ ರೈತರಿಗೆ ಕುರಿಯೊಂದಕ್ಕೆ ಇಷ್ಟು ಎಂದು ಹಣ ಕೊಟ್ಟಿತು. 1973ರಲ್ಲಿ ಐರೋಪ್ಯ ಸಮುದಾಯ ಸೇರಿದ ಮೇಲೂ, 1975ರಿಂದ ಹಿಂದುಳಿದ ಕೃಷಿ ಪ್ರದೇಶಗಳಿಗೆಂದು ಬಂದ ನೆರವು ತಲೆಲೆಕ್ಕದಲ್ಲೇ ಮುಂದುವರಿಯಿತು. ಹೆಚ್ಚು ಕುರಿಗೆ ಹೆಚ್ಚು ದುಡ್ಡು ಎಂದಾಗ ಯಾರು ತಾನೇ ಕಡಿಮೆ ಸಾಕುತ್ತಾರೆ? ಬೆಟ್ಟಗಳಲ್ಲಿ ಕುರಿ ತುಂಬಿತು, ನೇರಳೆ ಹೂವಿನ ಹೆದರ್ ಪೊದೆಗಳು ಬೋಳಾದವು. ಇದು ರೈತರ ದುರಾಸೆಯಿಂದ ಆದದ್ದೆಂದು ಈಗಲೂ ಕೆಲವರು ಹೇಳುವುದುಂಟು. ಅದು ನ್ಯಾಯವಾದ ಮಾತಲ್ಲ. ರೈತರು ಸರ್ಕಾರ ಯಾವುದಕ್ಕೆ ಹಣ ಕೊಟ್ಟಿತೋ ಅದನ್ನು ಮಾಡಿದರು.

ನಂತರ ಗಾಳಿ ತಿರುಗಿತು. ಸೂಕ್ಷ್ಮ ಪರಿಸರ ಪ್ರದೇಶಗಳೆಂಬ ಯೋಜನೆ ಕಂಬ್ರಿಯಾದ ಲೇಕ್ ಡಿಸ್ಟ್ರಿಕ್ಟ್‌ಗೆ 1993ರಲ್ಲಿ, ಡಾರ್ಟ್‌ಮೂರ್‌ಗೆ 1994ರಲ್ಲಿ ಬಂತು. ಈಗ ಕುರಿ ಕಡಿಮೆ ಮಾಡಿದವರಿಗೆ ಹಣ. 2005ರಲ್ಲಿ ಇದರ ಮುಂದುವರಿಕೆಯಾಗಿ ಬಂದ ಹೈಯರ್ ಲೆವೆಲ್ ಸ್ಟೀವರ್ಡ್‌ಶಿಪ್, ಎಂದರೆ ಎಚ್‌ಎಲ್‌ಎಸ್, ಹತ್ತು ವರ್ಷಗಳ ಒಪ್ಪಂದ ಮಾಡಿಕೊಳ್ಳುತ್ತಿತ್ತು. ಮೂರ್ ಎಂದು ಕರೆಯುವ ಎತ್ತರದ ಬಯಲನ್ನು ಕಾಪಾಡಿದ್ದಕ್ಕೆ ಅಥವಾ ಮರಳಿ ಕಟ್ಟಿದ್ದಕ್ಕೆ ಹೆಕ್ಟೇರಿಗೆ ವರ್ಷಕ್ಕೆ 40 ಪೌಂಡ್ ಕೊಡುತ್ತಿತ್ತು. ಗುಂಪಾಗಿ ಅರ್ಜಿ ಹಾಕಿದವರಿಗೆ ಹೆಕ್ಟೇರಿಗೆ ಇನ್ನೂ 10 ಪೌಂಡ್ ಸೇರುತ್ತಿತ್ತು. ಈ 10 ಪೌಂಡ್ ಸಣ್ಣ ಮೊತ್ತವೆನಿಸಬಹುದು, ಆದರೆ ಜನರನ್ನು ಒಂದುಗೂಡಿಸುವುದೇ ಒಂದು ಕೆಲಸ, ಅದಕ್ಕೂ ಕೂಲಿಯಿದೆ ಎಂದು ಸರ್ಕಾರ ಬರವಣಿಗೆಯಲ್ಲಿ ಒಪ್ಪಿಕೊಂಡಂತಾಯಿತು. ಅನೇಕ ಬೆಟ್ಟಗಳು ಒಪ್ಪಂದದೊಳಗೆ ಬಂದದ್ದು ಈ ಕಾಲದಲ್ಲೇ.

ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟ ಮೇಲೆ 2020ರ ಕೃಷಿ ಕಾಯ್ದೆ ಇಂಗ್ಲೆಂಡಿನಲ್ಲಿ ಹಳೆಯ ಪದ್ಧತಿಯನ್ನೇ ಮುಚ್ಚಿತು. ಜಮೀನು ಇದ್ದದ್ದಕ್ಕೆ ಎಕರೆ ಲೆಕ್ಕದಲ್ಲಿ ಬರುತ್ತಿದ್ದ ಮೂಲ ಸಹಾಯಧನದ ಕೊನೆಯ ವರ್ಷ 2023. ಅದರ ಬದಲಿಗೆ ಬರುತ್ತಿರುವ, ವರ್ಷವರ್ಷಕ್ಕೂ ಇಳಿಯುವ ಪಾವತಿ 2025ರಲ್ಲಿ ಎಷ್ಟು ಕಡಿತವಾಯಿತೆಂದರೆ, ಮೊದಲು ಎಷ್ಟೇ ಪಡೆಯುತ್ತಿದ್ದವನಿಗೂ ಆ ವರ್ಷ ಗರಿಷ್ಠ ಸಿಕ್ಕಿದ್ದು 7,200 ಪೌಂಡ್. ಇನ್ನು ಮುಂದೆ ಸಾರ್ವಜನಿಕ ಹಣ ಸಾರ್ವಜನಿಕ ಒಳಿತಿಗೆ ಮಾತ್ರ, ಎಂದರೆ ಶುದ್ಧ ನೀರು, ಜೀವವೈವಿಧ್ಯ, ಇಂಗಾಲ, ಪರಂಪರೆ ಇವುಗಳಿಗೆ. ಮಾತು ಕೇಳಲು ಚೆನ್ನಾಗಿದೆ, ಉದ್ದೇಶವೂ ಒಳ್ಳೆಯದೇ. ಆದರೆ ಮೂಲ ಸಹಾಯಧನವನ್ನು ಒಬ್ಬ ರೈತ ತಾನೊಬ್ಬನೇ ಪಡೆಯಬಹುದಿತ್ತು, ಬೆಟ್ಟದ ಪರಿಸರ ಹಣವನ್ನು ಒಟ್ಟಾಗಿ ಮಾತ್ರ ಪಡೆಯಬೇಕು. ನೆರೆಯವನು ಒಪ್ಪದಿದ್ದರೆ ಇವನಿಗೂ ಇಲ್ಲ.

ಒಟ್ಟಾಗುವುದೆಂದರೆ ಏನೆಂದು ಹತ್ತಿರದಿಂದ ನೋಡಲು ಒಂದು ಕಾಲ್ಪನಿಕ ಬೆಟ್ಟವನ್ನು ತೆಗೆದುಕೊಳ್ಳೋಣ. ಅದು 1,000 ಹೆಕ್ಟೇರ್ ಇದೆ. ದಾಖಲೆಯಲ್ಲಿ 14 ಹಕ್ಕುದಾರರಿದ್ದಾರೆ, ನಿಜವಾಗಿ ಕುರಿ ಬಿಡುವವರು 5 ಮಂದಿ, ಅವರ ಕುರಿಗಳು ಒಟ್ಟು 1,800. ಮಣ್ಣಿನ ಮಾಲೀಕ ಒಂದು ಎಸ್ಟೇಟು. ಹೊಸ ಯೋಜನೆಯಾದ ಸಸ್ಟೇನೇಬಲ್ ಫಾರ್ಮಿಂಗ್ ಇನ್ಸೆಂಟಿವ್, ಎಲ್ಲರೂ ಕರೆಯುವಂತೆ ಎಸ್‌ಎಫ್‌ಐ, 2024ರಲ್ಲಿ ಮೂರ್‌ಗಳಲ್ಲಿ ಮಿತವಾಗಿ ಮೇಯಿಸುವುದಕ್ಕೆ ಹೆಕ್ಟೇರಿಗೆ 20 ಪೌಂಡ್, ಅದಕ್ಕಿಂತ ಕಡಿಮೆ ಮೇಯಿಸಿದರೆ 53, ತೀರಾ ಅಲ್ಪವಾದರೆ 66 ಪೌಂಡ್ ದರ ಇಟ್ಟಿತು. ನಮ್ಮ ಬೆಟ್ಟದವರು ಮೊದಲನೆಯದನ್ನು ಆರಿಸಿದರೆ ವರ್ಷಕ್ಕೆ 20,000 ಪೌಂಡ್ ಬರುತ್ತದೆ.

ಅರ್ಜಿ ಹಾಕಬೇಕಾದರೆ ಇವರು ಮೊದಲು ಒಂದು ಸಂಘವಾಗಬೇಕು. ಸಂಘಕ್ಕೆ ನಿಯಮಾವಳಿ ಬೇಕು, ಬ್ಯಾಂಕ್ ಖಾತೆ ಬೇಕು, ಪಾವತಿ ನೋಡಿಕೊಳ್ಳುವ ರೂರಲ್ ಪೇಮೆಂಟ್ಸ್ ಏಜೆನ್ಸಿಯಲ್ಲಿ ಸಂಘದ ಹೆಸರಿನಲ್ಲೇ ಪ್ರತ್ಯೇಕ ನೋಂದಣಿ ಸಂಖ್ಯೆ ಬೇಕು. ಆಮೇಲೆ 14 ಮಂದಿಯನ್ನೂ ಹುಡುಕಬೇಕು. ದಾಖಲೆಯಲ್ಲಿರುವ ಒಂದು ಹೆಸರು ದಶಕಗಳ ಹಿಂದೆ ತೀರಿಕೊಂಡವರದು, ಅವರ ವಾರಸುದಾರರು ಯಾರೆಂಬುದಕ್ಕೆ ಕಾಗದವಿಲ್ಲ. ಇನ್ನೊಂದು ಹಕ್ಕು ಜಮೀನಿನಿಂದ ಬಿಡಿಸಿ ಮಾರಿದ್ದು, ಕೊಂಡವರು ಬೇರೆ ಜಿಲ್ಲೆಯಲ್ಲಿದ್ದಾರೆ. ಐವರು ಕುರಿಗಾರರಲ್ಲಿ ಇಬ್ಬರು ಗೇಣಿದಾರರು, ಅವರು ಉಪಯೋಗಿಸುತ್ತಿರುವ ಹಕ್ಕು ಒಡೆಯನ ಹೆಸರಿನಲ್ಲಿದೆ. ಕೇಟ್ ರಾಕ್ ಅವರ ನೇತೃತ್ವದಲ್ಲಿ ಇಂಗ್ಲೆಂಡಿನ ಗೇಣಿ ಕೃಷಿಯ ಕುರಿತು 2022ರ ಅಕ್ಟೋಬರ್‌ನಲ್ಲಿ ಬಂದ ವರದಿ, ಗೇಣಿದಾರರಿಗೂ ಈ ಯೋಜನೆಗಳ ಬಾಗಿಲು ತೆರೆದಿರಬೇಕೆಂದು ಒತ್ತಿ ಹೇಳಿದ್ದು ಇಂಥ ತೊಡಕುಗಳನ್ನು ಕಂಡೇ.

ಇಷ್ಟಾದ ಮೇಲೆ ಹಂಚಿಕೆಯ ಮಾತು. ಎಸ್ಟೇಟಿನವರು ಮಣ್ಣು ನಮ್ಮದು, ನಮಗೊಂದು ಪಾಲು ಎನ್ನುತ್ತಾರೆ. ಕುರಿ ಬಿಡದ 9 ಮಂದಿ, ನಾವು ಹಕ್ಕನ್ನು ಚಲಾಯಿಸದೆ ಇರುವುದರಿಂದಲೇ ಬೆಟ್ಟದಲ್ಲಿ ಕುರಿ ಕಡಿಮೆಯಿದೆ, ಒಪ್ಪಂದದ ಅವಧಿಯಲ್ಲಿ ಚಲಾಯಿಸುವುದಿಲ್ಲವೆಂದು ಸಹಿ ಹಾಕಬೇಕಾದರೆ ನಮಗೂ ಏನಾದರೂ ಕೊಡಿ ಎನ್ನುತ್ತಾರೆ. ತರ್ಕದಲ್ಲಿ ತಪ್ಪೇನಿಲ್ಲ. ಮಳೆಯಲ್ಲಿ ನೆನೆದು ಕುರಿ ಒಟ್ಟುಗೂಡಿಸುವ ಐವರಿಗೆ ಮಾತ್ರ ಅದು ಉರಿಯುವ ಗಾಯಕ್ಕೆ ಉಪ್ಪು. ಎಸ್ಟೇಟಿಗೆ 2,000, ಸಂಘದ ಖರ್ಚು ಮತ್ತು ವಕೀಲರಿಗೆ 2,000, ಮೇಯಿಸದವರಿಗೆ 4,000 ಎಂದು ತೀರ್ಮಾನವಾದರೆ ಉಳಿದ 12,000 ಪೌಂಡ್ ಐವರಿಗೆ, ಸರಾಸರಿ ತಲಾ 2,400. ಅದನ್ನಾದರೂ ಸಮನಾಗಿ ಹಂಚಬೇಕೋ, ದಾಖಲೆಯ ಹಕ್ಕಿನ ಪ್ರಕಾರವೋ, ನಿಜವಾಗಿ ಬಿಡುವ ಕುರಿಗಳ ಪ್ರಕಾರವೋ? ಒಪ್ಪಂದಕ್ಕಾಗಿ 1,800 ಕುರಿಗಳನ್ನು 1,500ಕ್ಕೆ ಇಳಿಸಬೇಕಾಯಿತೆನ್ನಿ. ಎಲ್ಲರೂ ಆರರಲ್ಲಿ ಒಂದು ಪಾಲು ಕಡಿಮೆ ಮಾಡುವುದು ನ್ಯಾಯವಾಗಿ ಕಾಣುತ್ತದೆ. ಆದರೆ 600 ಕುರಿಯಿದ್ದವನು 500ಕ್ಕೆ ಇಳಿದರೂ ಅವನ ಮಂದೆ ಮಂದೆಯಾಗಿಯೇ ಇರುತ್ತದೆ, 120 ಇದ್ದವನು 100ಕ್ಕೆ ಇಳಿದರೆ ತನ್ನ ಹೆಫ್ಟಿನ ಗಡಿ ಹಿಡಿದು ನಿಲ್ಲುವಷ್ಟು ಕುರಿಯೇ ಉಳಿಯದಿರಬಹುದು.

ಇದರ ಮೇಲೆ ಹೊಣೆಯ ಪ್ರಶ್ನೆಯಿದೆ. ಒಪ್ಪಂದ ಸಂಘದ್ದಾದ್ದರಿಂದ ಒಬ್ಬ ಸದಸ್ಯ ಚಳಿಗಾಲದಲ್ಲಿ ಹೆಚ್ಚು ಕುರಿ ಬಿಟ್ಟರೂ ಹಣ ಕಡಿತವಾಗುವುದು ಎಲ್ಲರದು. ಹೀಗಾಗಿ ತಮ್ಮತಮ್ಮೊಳಗೇ ಇನ್ನೊಂದು ಕರಾರು ಬರೆದುಕೊಳ್ಳಬೇಕು, ಅದರಲ್ಲಿ ಯಾರು ಎಷ್ಟು ಬಿಡಬೇಕು, ತಪ್ಪಿದರೆ ದಂಡವೇನು, ಯಾರಾದರೂ ಬೇಸಾಯ ಬಿಟ್ಟರೆ ಅವರ ಪಾಲು ಯಾರಿಗೆ ಎಂಬುದೆಲ್ಲ ಇರಬೇಕು. ಬೆಟ್ಟ ವಿಶೇಷ ವೈಜ್ಞಾನಿಕ ಮಹತ್ವದ ತಾಣವೆಂದು ಘೋಷಿತವಾಗಿದ್ದರೆ, ಸರ್ಕಾರದ ಪರಿಸರ ಸಲಹಾ ಸಂಸ್ಥೆಯಾದ ನ್ಯಾಚುರಲ್ ಇಂಗ್ಲೆಂಡ್‌ನ ಸಮ್ಮತಿಯೂ ಬೇಕು. ಕುರಿಗಳನ್ನು ಒಂದು ಭಾಗದಿಂದ ದೂರವಿಡಲು ಬೇಲಿ ಹಾಕೋಣವೆಂದರೆ ಕಾಮನ್‌ನಲ್ಲಿ ಜನರ ಓಡಾಟಕ್ಕೆ ಅಡ್ಡಿಯಾಗುವ ಯಾವ ಕಾಮಗಾರಿಗೂ 2006ರ ಕಾಯ್ದೆಯ 38ನೇ ಕಲಮಿನಡಿ ಪ್ರತ್ಯೇಕ ಅನುಮತಿ ಪಡೆಯಬೇಕು. ಇಷ್ಟೆಲ್ಲ ಸಂಧಾನ ಮುಗಿಸಿ ಪಡೆಯುವ ಎಸ್‌ಎಫ್‌ಐ ಒಪ್ಪಂದದ ಅವಧಿ ಮೂರು ವರ್ಷ. ಸಾಮೂಹಿಕ ಜಮೀನಿನ ಈ ಹೆಚ್ಚುವರಿ ಶ್ರಮಕ್ಕೆಂದು 2022ರಲ್ಲಿ ಆ ಯೋಜನೆ ಇಟ್ಟದ್ದು ಹೆಕ್ಟೇರಿಗೆ 6.15 ಪೌಂಡ್. ಹಿಂದಿನ ಎಚ್‌ಎಲ್‌ಎಸ್‌ನ 10 ಪೌಂಡ್ ಹತ್ತು ವರ್ಷಗಳ ಒಪ್ಪಂದಕ್ಕೆ ಸಿಗುತ್ತಿತ್ತು ಎಂಬುದನ್ನು ಮರೆಯಬಾರದು.

ಹಕ್ಕುದಾರರು ಒಂದಾದರೂ ಬೆಟ್ಟಕ್ಕೆ ಏನು ಬೇಕೆಂಬುದರಲ್ಲೇ ಭಿನ್ನಾಭಿಪ್ರಾಯ ಬಂದಾಗ ಏನಾಗುತ್ತದೆ ಎಂಬುದನ್ನು ಡಾರ್ಟ್‌ಮೂರ್ ತೋರಿಸಿತು. ಅಲ್ಲಿ 1985ರ ವಿಶೇಷ ಕಾಯ್ದೆಯಿಂದ ರಚಿತವಾದ ಹಕ್ಕುದಾರರ ಮಂಡಳಿಯೇ ಇದೆ, ಆದ್ದರಿಂದ ಸಂಘಟನೆಯ ಕೊರತೆ ಎನ್ನುವಂತಿಲ್ಲ. 2023ರ ಆರಂಭದಲ್ಲಿ ಎಚ್‌ಎಲ್‌ಎಸ್ ಒಪ್ಪಂದಗಳನ್ನು ವಿಸ್ತರಿಸುವ ಹೊತ್ತಿಗೆ, ಸಂರಕ್ಷಿತ ತಾಣಗಳ ಸ್ಥಿತಿ ಸುಧಾರಿಸಿಲ್ಲವೆಂಬ ಕಾರಣಕ್ಕೆ, ವಿಶೇಷವಾಗಿ ಚಳಿಗಾಲದಲ್ಲಿ ಕುರಿಗಳನ್ನು ಬಹಳವಾಗಿ ಇಳಿಸಬೇಕೆಂದು ನ್ಯಾಚುರಲ್ ಇಂಗ್ಲೆಂಡ್ ಹಕ್ಕುದಾರರಿಗೆ ತಿಳಿಸಿತು. ರೈತರು ಕಂಗಾಲಾದರು. ಕುರಿ ಇಳಿಸಿದರೆ ಮಂದೆ ಒಡೆಯುತ್ತದೆ, ಇಳಿಸದಿದ್ದರೆ ಒಪ್ಪಂದವೇ ಇಲ್ಲ. ವಿಷಯ ಏಪ್ರಿಲ್‌ನಲ್ಲಿ ಸಂಸತ್ತಿಗೆ ಹೋಯಿತು, ಸರ್ಕಾರ ಡೇವಿಡ್ ಫರ್ಸ್ಡನ್ ಅವರ ನೇತೃತ್ವದಲ್ಲಿ ಸ್ವತಂತ್ರ ಪರಿಶೀಲನೆ ನಡೆಸಿತು, ಡಿಸೆಂಬರ್‌ನಲ್ಲಿ ವರದಿ ಬಂತು.

ಈ ಜಗಳದ ತಿರುಳು ಮೊಲೀನಿಯ ಎಂಬ ಒಂದು ಹುಲ್ಲಿನಲ್ಲಿದೆ. ಬೇಸಿಗೆಯ ಆರಂಭದಲ್ಲಿ ಎಳೆಯದಾಗಿ ಹಸಿರಾಗಿರುವಾಗ ಇದನ್ನು ದನಗಳು, ಸಣ್ಣ ಗಾತ್ರದ ಕುದುರೆಗಳಾದ ಅಲ್ಲಿನ ಪೋನಿಗಳು ಚೆನ್ನಾಗಿ ತಿನ್ನುತ್ತವೆ, ಕುರಿಗಳಿಗೆ ಅಷ್ಟಾಗಿ ಹಿಡಿಸುವುದಿಲ್ಲ. ಚಳಿಗಾಲ ಬಂದರೆ ಎಲೆಗಳೆಲ್ಲ ಒಣಗಿ ತೆಳುಹಳದಿ ಹುಲ್ಲುಹಾಸಾಗಿ ಬಿದ್ದುಕೊಳ್ಳುತ್ತವೆ, ತಿನ್ನಲು ಯೋಗ್ಯವಾದದ್ದು ಏನೂ ಉಳಿಯುವುದಿಲ್ಲ. ಆಗ ಕುರಿಗಳು ಎಲೆಯುದುರಿಸದ ಹೆದರ್ ಪೊದೆಗೆ ಬಾಯಿ ಹಾಕುತ್ತವೆ, ಪೊದೆ ಸೊರಗುತ್ತದೆ, ಆ ಜಾಗಕ್ಕೆ ಮತ್ತೆ ಮೊಲೀನಿಯವೇ ನುಗ್ಗುತ್ತದೆ. ಚಳಿಗಾಲದ ಕುರಿ ಬೇಡವೆನ್ನುವ ಅಧಿಕಾರಿಗೆ ಕಾಣುವುದು ಸೊರಗಿದ ಹೆದರ್. ದನಗಳನ್ನು ಕಡಿಮೆ ಮಾಡಿಸಿದ್ದೇ ತಪ್ಪಾಯಿತೆನ್ನುವ ರೈತನಿಗೆ ಕಾಣುವುದು ಸೊಂಟದೆತ್ತರಕ್ಕೆ ಬೆಳೆದ ಮೊಲೀನಿಯ. ಇಬ್ಬರೂ ನೋಡುತ್ತಿರುವುದು ಒಂದೇ ಬೆಟ್ಟವನ್ನು, ಇಬ್ಬರಿಗೂ ಕಾಣುತ್ತಿರುವುದು ನಿಜವೇ. ಫರ್ಸ್ಡನ್ ವರದಿ ಬೇಸಿಗೆಯಲ್ಲಿ ದನ ಮತ್ತು ಪೋನಿಗಳಿಂದ ಈ ಹುಲ್ಲನ್ನು ಮೇಯಿಸಬೇಕಾದ ಅಗತ್ಯವನ್ನು ಎತ್ತಿ ಹೇಳಿತು, ಜೊತೆಗೆ ರೈತರಿಗೂ ಸಂಸ್ಥೆಗೂ ನಡುವೆ ನಂಬಿಕೆ ಕುಸಿದಿರುವುದನ್ನೂ ಗುರುತಿಸಿತು. ಅದರ ಶಿಫಾರಸಿನಂತೆ ಎಲ್ಲ ಪಕ್ಷದವರೂ ಕುಳಿತು ಮಾತಾಡುವ ಭೂಬಳಕೆ ನಿರ್ವಹಣಾ ಗುಂಪೊಂದು ಮುಂದೆ ರಚನೆಯಾಯಿತು. ತಲೆ ಎಣಿಸುವುದಷ್ಟರಿಂದ ಬೆಟ್ಟದ ಆರೋಗ್ಯ ತಿಳಿಯುವುದಿಲ್ಲ, ಯಾವ ಪ್ರಾಣಿ, ಯಾವ ತಿಂಗಳು, ಬೆಟ್ಟದ ಯಾವ ಮಗ್ಗುಲು ಎಂಬುದನ್ನು ನೋಡಬೇಕು ಎಂಬ ಮಾತಿಗೆ ಇದರಿಂದ ಬೆಲೆ ಬಂತೆಂದು ನನಗನಿಸುತ್ತದೆ. ದರಪಟ್ಟಿಗಳಿಗೆ ಆ ಸೂಕ್ಷ್ಮ ಇನ್ನೂ ಪೂರ್ತಿ ಇಳಿದಿಲ್ಲ. ದನ, ಪೋನಿಗಳನ್ನು ಮೇಯಿಸುವವರಿಗೆ ಎಸ್‌ಎಫ್‌ಐ ಹೆಚ್ಚುವರಿ ಪಾವತಿ ಇಟ್ಟದ್ದು ಮಾತ್ರ ಸರಿಯಾದ ದಿಕ್ಕಿನ ಹೆಜ್ಜೆ.

ಆದರೆ ಆ ಬಾಗಿಲೂ ತೆರೆದೇ ಉಳಿಯಲಿಲ್ಲ. 2025ರ ಮಾರ್ಚ್ 11ರಂದು ಹಣ ಮುಗಿಯಿತೆಂದು ಹೇಳಿ ಸರ್ಕಾರ ಎಸ್‌ಎಫ್‌ಐಗೆ ಹೊಸ ಅರ್ಜಿ ತೆಗೆದುಕೊಳ್ಳುವುದನ್ನು ದಿಢೀರನೆ ನಿಲ್ಲಿಸಿತು. ಒಂಟಿ ಜಮೀನಿನ ರೈತ ಒಂದು ಸಂಜೆ ಕಂಪ್ಯೂಟರಿನ ಮುಂದೆ ಕುಳಿತು ಅರ್ಜಿ ಮುಗಿಸಬಹುದಿತ್ತು, ಮುಗಿಸಿದವರು ಒಳಗೆ ಸೇರಿದರು. ಮುಂಚಿತವಾಗಿ ಹೇಳದೆ ಮುಚ್ಚುವ ಯೋಜನೆಯಲ್ಲಿ, 14 ಸಹಿಗಳನ್ನು ಕೂಡಿಸುತ್ತ ತಿಂಗಳುಗಟ್ಟಲೆ ಸಂಧಾನ ನಡೆಸಬೇಕಾದವರು ಸಹಜವಾಗಿಯೇ ಸಾಲಿನ ಕೊನೆಯಲ್ಲಿರುತ್ತಾರೆ. ಹಳೆಯ ಎಚ್‌ಎಲ್‌ಎಸ್‌ನಲ್ಲಿ ಉಳಿದಿದ್ದ ಬೆಟ್ಟಗಳಿಗೂ ಹೊಸದಕ್ಕೆ ದಾಟಿಕೊಳ್ಳುವ ದಾರಿ ಅಂದಿಗೆ ಮುಚ್ಚಿತು. ಅವರ ದರವನ್ನು ಏರಿಸುವುದಾಗಿ ಸರ್ಕಾರ ಅದೇ ವರ್ಷ ಪ್ರಕಟಿಸಿತು, ಅದು ವರ್ಷಾನುಗಟ್ಟಲೆಯಿಂದ ಬಾಕಿಯಿದ್ದ ನ್ಯಾಯ. ಇನ್ನೊಂದು ಬಗೆಯ ಒಪ್ಪಂದವಾದ ಕಂಟ್ರಿಸೈಡ್ ಸ್ಟೀವರ್ಡ್‌ಶಿಪ್‌ನ ಮೇಲ್ದರ್ಜೆಗೆ 2025ರಲ್ಲಿ ಆಹ್ವಾನ ಪಡೆದವರಷ್ಟೇ ಅರ್ಜಿ ಹಾಕಬಹುದಾಗಿತ್ತು. ಲ್ಯಾಂಡ್‌ಸ್ಕೇಪ್ ರಿಕವರಿ ಎಂಬ ಮೂರನೆಯದು ಮೊದಲ ಸುತ್ತಿನಲ್ಲಿ 500ರಿಂದ 5,000 ಹೆಕ್ಟೇರ್ ವಿಸ್ತಾರದ ದೀರ್ಘಾವಧಿ ಯೋಜನೆಗಳನ್ನು ಕೇಳಿತು. ಬೆಟ್ಟಕ್ಕೆ ಆ ವಿಸ್ತಾರವಿದೆ, ಯೋಜನೆ ಬರೆಯಿಸುವ ಕೈಗಳು ಎಲ್ಲ ಸಂಘಗಳಿಗೂ ಇಲ್ಲ.

ಬೇರೆ ದಾರಿಗಳಿಲ್ಲವೇ ಎಂದರೆ ಇವೆ, ಅವು ದೂರದಲ್ಲೂ ಇಲ್ಲ. 2006ರ ಕಾಯ್ದೆಯೇ ಹಕ್ಕುದಾರರು ಬಯಸಿದರೆ ಶಾಸನಬದ್ಧ ಕಾಮನ್ಸ್ ಮಂಡಳಿ ಕಟ್ಟಿಕೊಳ್ಳಲು ಅವಕಾಶ ಕೊಟ್ಟಿದೆ. ಇಂಥ ಮಂಡಳಿಯ ನಿಯಮಗಳು ಒಪ್ಪದವರನ್ನೂ ಕಟ್ಟುತ್ತವೆ, ಆದ್ದರಿಂದ ಒಬ್ಬನ ಹಟಕ್ಕೆ ಇಡೀ ಬೆಟ್ಟ ನಿಲ್ಲಬೇಕಾಗಿಲ್ಲ. ಎಕ್ಸ್‌ಮೂರ್‌ನ ಬ್ರೆಂಡನ್ ಮತ್ತು ಕಾರ್ನ್‌ವಾಲ್‌ನ ಬಾಡ್ಮಿನ್ ಮೂರ್‌ನವರು ಈ ದಾರಿ ಹಿಡಿದರು. ಹಿಂಬಾಲಿಸಿದವರು ಕಡಿಮೆ, ಏಕೆಂದರೆ ಮಂಡಳಿ ಕಟ್ಟಲು ಕೂಡ ಮೊದಲು ಒಗ್ಗಟ್ಟೇ ಬೇಕು. ವೇಲ್ಸ್‌ನವರು ಹಿಡಿದದ್ದು ಇನ್ನೊಂದು ಬಗೆ. ತಮ್ಮ ಗ್ಲಾಸ್ಟಿರ್ ಯೋಜನೆಯಲ್ಲಿ ಕಾಮನ್‌ಗಳಿಗೆಂದೇ ಅಭಿವೃದ್ಧಿ ಅಧಿಕಾರಿಗಳನ್ನು ನೇಮಿಸಿ ಅವರನ್ನು ಊರೂರಿಗೆ ಕಳಿಸಿದರು. ಹೆಸರು ಹುಡುಕುವುದು, ಸಭೆ ಕರೆಯುವುದು, ಮಾತು ಬಿಟ್ಟ ಎರಡು ಮನೆಗಳವರನ್ನು ಒಂದೇ ಕೋಣೆಯಲ್ಲಿ ಕೂರಿಸುವುದು, ಕರಾರು ಬರೆಸುವುದು ಅವರ ಕೆಲಸವಾಯಿತು. ಯೋಜನೆಯ ಬಜೆಟ್ಟಿನಲ್ಲಿ ಇದು ಚಿಕ್ಕ ಬಾಬತ್ತು, ಫಲಿತಾಂಶದಲ್ಲಿ ದೊಡ್ಡದು. ಇಂಗ್ಲೆಂಡಿನಲ್ಲಿ ಫೌಂಡೇಶನ್ ಫಾರ್ ಕಾಮನ್ ಲ್ಯಾಂಡ್, ಕಂಬ್ರಿಯಾ ಹಕ್ಕುದಾರರ ಒಕ್ಕೂಟ ಮುಂತಾದವು ಇದೇ ಬಗೆಯ ಕೆಲಸವನ್ನು ತಮ್ಮ ಶಕ್ತಿಯಿದ್ದಷ್ಟು ಮಾಡುತ್ತ ಬಂದಿವೆ.

ಸ್ಕಾಟ್ಲೆಂಡ್ ಈ ಪ್ರಶ್ನೆಯನ್ನು ನೂರು ವರ್ಷಗಳಿಗೂ ಹಿಂದೆಯೇ ಬಹುಮಟ್ಟಿಗೆ ಬಗೆಹರಿಸಿಕೊಂಡಿತು. ಅಲ್ಲಿನ ಸಣ್ಣ ಹಿಡುವಳಿದಾರರಾದ ಕ್ರಾಫ್ಟರುಗಳ ಸಾಮೂಹಿಕ ಹುಲ್ಲುಗಾವಲುಗಳು ಸಾವಿರಕ್ಕೂ ಹೆಚ್ಚಿವೆ, ವಿಸ್ತಾರ ಸುಮಾರು 5 ಲಕ್ಷ ಹೆಕ್ಟೇರ್. 1891ರ ಕಾಯ್ದೆಯಿಂದ ಆರಂಭವಾದ ಪದ್ಧತಿಯಂತೆ ಅವುಗಳ ಪಾಲುದಾರರು ತಮ್ಮೊಳಗಿಂದ ಒಂದು ಮೇವು ಸಮಿತಿಯನ್ನು ಆರಿಸಿಕೊಳ್ಳಬಹುದು. ಸಮಿತಿಗೆ ಒಬ್ಬ ಗುಮಾಸ್ತನಿರುತ್ತಾನೆ, ನಿಯಮಾವಳಿಯಿರುತ್ತದೆ, ಪಾಲುದಾರರೆಲ್ಲರ ಪರವಾಗಿ ಪರಿಸರ ಯೋಜನೆಗೆ ಅರ್ಜಿ ಹಾಕಲು ಅಧಿಕಾರವೂ ಇರುತ್ತದೆ. ಎಲ್ಲ ಹುಲ್ಲುಗಾವಲುಗಳಲ್ಲೂ ಸಮಿತಿ ಚುರುಕಾಗಿಲ್ಲ ಎಂಬುದು ನಿಜ. ಆದರೆ ಚುರುಕಾಗಿರುವಲ್ಲಿ ಅರ್ಜಿ ತುಂಬುವವನು ಯಾರು ಎಂಬ ಪ್ರಶ್ನೆ ಏಳುವುದಿಲ್ಲ.

ಇಂಗ್ಲೆಂಡಿನ ಬಹುತೇಕ ಬೆಟ್ಟಗಳಲ್ಲಿ ಆ ಕೆಲಸ ಸಂಘದ ಕಾರ್ಯದರ್ಶಿಯದು. ಅವರು ಸಾಮಾನ್ಯವಾಗಿ ಆ ಐವರು ಕುರಿಗಾರರಲ್ಲೇ ಒಬ್ಬರು, ಅಥವಾ ಅವರ ಮನೆಯವರು. ಸಂಬಳವಿಲ್ಲ. ಹಗಲೆಲ್ಲ ನಾಯಿಗಳೊಡನೆ ಬೆಟ್ಟ ಹತ್ತಿ ಎಲ್ಲರ ಕುರಿಗಳನ್ನೂ ಒಟ್ಟಿಗೆ ಇಳಿಸಿ, ಕಿವಿಯ ಕತ್ತರಿ ಗುರುತು ಮತ್ತು ಉಣ್ಣೆಯ ಬಣ್ಣದ ಗುರುತು ನೋಡಿ ಯಾರದು ಯಾರಿಗೆಂದು ವಿಂಗಡಿಸಿ, ದಾರಿತಪ್ಪಿ ಬಂದ ನೆರೆಬೆಟ್ಟದ ಕುರಿಯನ್ನು ಅದರ ಒಡೆಯನಿಗೆ ತಲುಪಿಸಿ ಬಂದ ಮೇಲೆ, ಅವರು ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ದಾಖಲೆ ಬಿಡಿಸಿಕೊಂಡು ಕೂರುತ್ತಾರೆ. ಹದಿನಾಲ್ಕರಲ್ಲಿ ಹನ್ನೆರಡು ಸಹಿಯಾಗಿದೆ, ಉಳಿದ ಇಬ್ಬರಲ್ಲಿ ಒಬ್ಬರ ವಿಳಾಸ ಇನ್ನೂ ಸಿಕ್ಕಿಲ್ಲ.